ನಾಲ್ಕು ಮಡಿಕೆಯ ಬಟ್ಟೆ



ಕೃಷ್ಣೆ ಮತ್ತು ಘಟಪ್ರಭೆಯರ ನೆರಳಿನಲ್ಲಿ ಬಾಳಿದ ನಮ್ಮವರಿಗೆ ನೀರಿನ ಇತಿಹಾಸವೆಂದರೆ ಅಣೆಕಟ್ಟುಗಳ ಇತಿಹಾಸ. ಹಿಡಕಲ್ ಜಲಾಶಯದ ನೀರು ಮುಧೋಳದ ಎರೆಭೂಮಿಗೆ ಬಂದದ್ದು, 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಕೂಡಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟದ್ದು, ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಎಷ್ಟೋ ಊರುಗಳನ್ನು ಎಬ್ಬಿಸಿದ್ದು – ಇವನ್ನು ಕುರಿತು ಬರೆದವರುಂಟು, ಭಾಷಣ ಮಾಡಿದವರುಂಟು. ಆದರೆ ಆ ನೀರು ಮನೆಯೊಳಗೆ ಬಂದು, ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಹರವಿಯನ್ನು ಸೇರಿ, ಅಲ್ಲಿಂದ ತಂಬಿಗೆಗೆ ಇಳಿದು ನಮ್ಮ ಗಂಟಲನ್ನು ಸೇರುವವರೆಗಿನ ಕೊನೆಯ ಹತ್ತು ಹೆಜ್ಜೆಗಳ ಇತಿಹಾಸವನ್ನು ಬರೆದವರು ಕಡಿಮೆ. ಅದು ಹೆಂಗಸರ ಕೈಯಲ್ಲಿದ್ದ ಇತಿಹಾಸವಾದುದರಿಂದಲೋ ಏನೋ, ಯಾರೂ ಅದನ್ನು ಇತಿಹಾಸವೆಂದು ಎಣಿಸಲಿಲ್ಲ. ಇಂದು ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ನಳ ಬರುವುದಕ್ಕೆ ಮೊದಲು ನಮ್ಮ ಭಾಗದ ನೀರಿನ ಮೂಲಗಳು ಮೂರು: ಹೊಳೆ, ಹಳ್ಳ, ಬಾವಿ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಹೆಣ್ಣುಮಕ್ಕಳು ಉಸುಕಿನಲ್ಲಿ ಮೊಣಕಾಲುದ್ದದ ಗುಂಡಿ ತೋಡಿ, ಒಸರುವ ನೀರನ್ನು ಚರಿಗೆಯಿಂದ ಮೊಗೆಮೊಗೆದು ಕೊಡ ತುಂಬುತ್ತಿದ್ದರು. ಇದಕ್ಕೆ ನಮ್ಮಲ್ಲಿ ವರತಿಯ ನೀರು ಎನ್ನುತ್ತಿದ್ದರು, ಗ್ರಂಥಭಾಷೆಯಲ್ಲಿ ಒರತೆ. ಹರಿಯುವ ಹೊಳೆಯ ನೀರಿಗಿಂತ ವರತಿಯ ನೀರು ತಿಳಿಯಾಗಿರುವುದೇಕೆಂದು ಶಾಲೆಯಲ್ಲಿ ಕೇಳಿದರೆ ಮಕ್ಕಳು ಥಟ್ಟನೆ, "ಉಸುಕು ಸೋಸತೈತ್ರಿ ಸರ್" ಎನ್ನುತ್ತಿದ್ದರು. ಉತ್ತರ ಸರಿಯೇ. 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರ್ ಥೇಮ್ಸ್ ನದಿಯ ನೀರನ್ನು ಉಸುಕಿನ ಹಾಸಿಗೆಯ ಮೂಲಕ ಹಾಯಿಸಿ ಊರಿಗೆ ಕೊಟ್ಟದ್ದೂ ಇದೇ ತತ್ತ್ವದ ಮೇಲೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ಅದೇ ಎಲ್ಬ್ ನದಿಯ ನೀರನ್ನು ಉಸುಕಿನಿಂದ ಸೋಸಿ ಕುಡಿಯುತ್ತಿದ್ದ ನೆರೆಯ ಆಲ್ಟೋನಾ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ಎರಡು ಊರುಗಳ ನಡುವೆ ಇದ್ದದ್ದು ಒಂದು ಬೀದಿಯ ಅಂತರ, ಒಂದು ಉಸುಕಿನ ಹಾಸಿಗೆಯ ಅಂತರ.

ನಮ್ಮ ಎರೆಮಣ್ಣಿನ ನಾಡಿನಲ್ಲಿ ಮಳೆಗಾಲದ ನೀರಿನ ತೊಂದರೆಯೇ ಬೇರೆ. ಎರೆಮಣ್ಣಿನ ಕಣಗಳು ಅತಿ ಸೂಕ್ಷ್ಮವಾದವು. ನೀರನ್ನು ಇಡೀ ರಾತ್ರಿ ಅಲುಗಾಡಿಸದೆ ಇಟ್ಟರೂ ಅವು ತಳ ಸೇರುವುದಿಲ್ಲ. ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತುಕೊಂಡು ಪರಸ್ಪರ ದೂಡಿಕೊಳ್ಳುತ್ತ ತೇಲುತ್ತಲೇ ಇರುತ್ತವೆ. ಆಗ ಮನೆಯ ಹಿರಿಯರು ಪಟಿಕದ ಹರಳನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸುತ್ತಿದ್ದರು. ಪಟಿಕದಲ್ಲಿಯ ಅಲ್ಯುಮಿನಿಯಂ ಆ ದೂಡಾಟವನ್ನು ನಿಲ್ಲಿಸಿ ಕಣಗಳನ್ನು ಒಂದುಗೂಡಿಸುತ್ತದೆ. ಅವು ಹತ್ತಿಯ ಎಸಳಿನಂತಾಗಿ ತಳಕ್ಕೆ ಇಳಿಯುತ್ತವೆ. ಬೆಂಗಳೂರಿನ ದೊಡ್ಡ ಶುದ್ಧೀಕರಣ ಘಟಕದಲ್ಲಿ ನಡೆಯುವುದೂ ಇದೇ, ಜಮಖಂಡಿಯ ಮನೆಯ ಹಿತ್ತಲಲ್ಲಿ ನಡೆದದ್ದೂ ಇದೇ. ಪಟಿಕವಿಲ್ಲದ ಕಡೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುವ ರೂಢಿ ದಕ್ಷಿಣ ದೇಶದಲ್ಲೆಲ್ಲ ಇತ್ತು. ಸಂಸ್ಕೃತದಲ್ಲಿ ಅದು ಕತಕ. ಸುಶ್ರುತ ಸಂಹಿತೆಯು ಕದಡಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಹೆಸರಿಸುವಾಗ ಕತಕವನ್ನೇ ಮೊದಲು ಹೇಳುತ್ತದೆ. ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಮುತ್ತು, ಮಣಿ ಇವೂ ಆ ಪಟ್ಟಿಯಲ್ಲಿವೆ. ಮುತ್ತನ್ನೂ ಮಣಿಯನ್ನೂ ನೀರಿಗೆ ಹಾಕಬಲ್ಲವರು ನಮ್ಮ ಕಡೆ ಸಂಸ್ಥಾನಿಕರೊಬ್ಬರೇ ಇರಬೇಕು! ಆದರೆ ಅದೇ ಪಟ್ಟಿಯಲ್ಲಿ ಬಡವನಿಗೂ ಎಟಕುವ ಒಂದು ವಸ್ತುವಿದೆ – ವಸ್ತ್ರ.

ಈ ಲೇಖನದ ನಾಯಕನೇ ಅದು. ರಬಕವಿ–ಬನಹಟ್ಟಿಯಂಥ ನೇಕಾರರ ಊರುಗಳ ಸಂಬಂಧವುಳ್ಳ ನನಗೆ, ಬಟ್ಟೆಯು ಮೈ ಮುಚ್ಚುವುದಕ್ಕಷ್ಟೇ ಅಲ್ಲ, ಪ್ರಾಣ ಉಳಿಸುವುದಕ್ಕೂ ಒದಗಿತೆಂಬುದು ಹೆಮ್ಮೆಯ ವಿಷಯ.

ನೀರನ್ನು ಬಟ್ಟೆಯಿಂದ ಸೋಸಿಯೇ ಕುಡಿಯಬೇಕೆಂಬುದನ್ನು ಧರ್ಮದ ನಿಯಮವನ್ನಾಗಿ ಮಾಡಿದವರು ಜೈನರು. ಜಲಗಾಲನವೆಂದು ಅದಕ್ಕೆ ಹೆಸರು. ಶ್ರಾವಕರು ಬಿಡದೆ ಪಾಲಿಸಬೇಕಾದ ಆಚಾರ. ತೇರದಾಳದ ಹನ್ನೆರಡನೆಯ ಶತಮಾನದ ನೇಮಿನಾಥ ಬಸದಿಯನ್ನು ನೋಡಿದವರಿಗೆ ನಮ್ಮ ಸೀಮೆಯಲ್ಲಿ ಈ ಆಚಾರದ ಬೇರು ಎಷ್ಟು ಹಳೆಯದಿರಬೇಕೆಂದು ಹೇಳಬೇಕಾಗಿಲ್ಲ. ಅವರ ಉದ್ದೇಶ ಕುಡಿಯುವವನ ಆರೋಗ್ಯವಲ್ಲ, ನೀರಿನಲ್ಲಿರುವ ಜೀವಿಗಳ ರಕ್ಷಣೆ. ಆದ್ದರಿಂದಲೇ ಸೋಸಿದ ಬಟ್ಟೆಯನ್ನು ಜಾಡಿಸಿ ಬಿಸಾಡುವಂತಿಲ್ಲ. ಬಟ್ಟೆಯ ಮೇಲೆ ಉಳಿದುದನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಯಾವ ಬಾವಿಯಿಂದ ನೀರು ತಂದರೋ ಅದೇ ಬಾವಿಗೆ ಮರಳಿಸಬೇಕು. ಒಂದು ಬಾವಿಯ ಜೀವ ಇನ್ನೊಂದು ಬಾವಿಯಲ್ಲಿ ಬದುಕಲಾರದೆಂಬ ಕಾಳಜಿ ಅದು. ಸೂಕ್ಷ್ಮದರ್ಶಕ ಯಂತ್ರವು ಹುಟ್ಟುವ ಎಷ್ಟೋ ಶತಮಾನಗಳ ಮುಂಚೆ, ಕಣ್ಣಿಗೆ ಕಾಣದ ಜೀವಿಗಳು ನೀರಿನಲ್ಲಿವೆಯೆಂದು ನಂಬಿ ನಡೆದ ಜನ ಅವರು. ದಯೆಯಿಂದ ಹುಟ್ಟಿದ ಆಚಾರವು ಅವರಿಗೆ ಅರಿವಿಲ್ಲದೆಯೇ ಒಂದು ಭಯಂಕರ ರೋಗದಿಂದ ಬಹಳಷ್ಟು ರಕ್ಷಣೆಯನ್ನು ಕೊಟ್ಟಿರಬೇಕೆಂದು ನಾನು ಭಾವಿಸುತ್ತೇನೆ. ಆ ರೋಗದ ಹೆಸರು ನಾರುಹುಣ್ಣು.

ಈಗಿನ ಮಕ್ಕಳಿಗೆ ನಾರುಹುಣ್ಣೆಂದರೆ ಏನೆಂದು ತಿಳಿಯದು. ಅದು ನಮ್ಮ ಕಾಲದ ಒಂದು ದೊಡ್ಡ ಗೆಲುವು. ನನ್ನ ಓರಗೆಯವರಿಗೆ ಮಾತ್ರ ಆ ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೊದಲು ಪಾದದ ಮೇಲೋ ಮೊಣಕಾಲ ಕೆಳಗೋ ಒಂದು ಬೊಬ್ಬೆ ಏಳುವುದು. ಬೆಂಕಿ ಇಟ್ಟಂತೆ ಉರಿಯುವುದು. ಬೊಬ್ಬೆ ಒಡೆದರೆ ಅದರೊಳಗಿಂದ ಬಿಳಿಯ ದಾರದಂಥ ಹುಳುವಿನ ತುದಿ ಹೊರಗೆ ಇಣುಕುವುದು. ಇಡೀ ಹುಳು ಎರಡು–ಮೂರು ಅಡಿ ಉದ್ದ, ಒಮ್ಮೆಲೇ ಎಳೆಯುವಂತಿಲ್ಲ. ಎಳೆದರೆ ಹರಿದು, ಒಳಗೆ ಉಳಿದ ಭಾಗವು ಕೀವುಗಟ್ಟಿ ಕಾಲನ್ನೇ ಕೆಡಿಸುವುದು. ಅದಕ್ಕಾಗಿ ಜೋಳದ ದಂಟಿನ ಚೂರಿಗೋ ಬೆಂಕಿಕಡ್ಡಿಗೋ ಹುಳುವಿನ ತುದಿಯನ್ನು ಸುತ್ತಿ, ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಸುತ್ತುತ್ತ ಹೋಗಬೇಕು. ನೇಕಾರರ ಮಕ್ಕಳು ಇದನ್ನು ಕಂಡು, "ನೂಲು ಸುತ್ತಾಕ ಹತ್ಯಾನ" ಎಂದು ಹಾಸ್ಯ ಮಾಡುತ್ತಿದ್ದರು. ಹಾಸ್ಯ ಮಾಡಿದವನ ಕಾಲಿನಲ್ಲಿಯೇ ಬರುವ ವರುಷ ನೂಲು ಕಾಣಿಸಿಕೊಳ್ಳುವುದೂ ಉಂಟು. ವಾರಗಟ್ಟಲೆ ನಡೆಯುವಂತಿಲ್ಲ, ಹೊಲಕ್ಕೆ ಹೋಗುವಂತಿಲ್ಲ, ಶಾಲೆಗೆ ಬರುವಂತಿಲ್ಲ. ರೋಗಕ್ಕೆ ಔಷಧವಿರಲಿಲ್ಲ, ಲಸಿಕೆ ಇರಲಿಲ್ಲ, ಇಂದಿಗೂ ಇಲ್ಲ. ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಬಿದ್ದರೆ, ಕಾರಣ ಕೇಳುವ ಮೊದಲು ಮಾಸ್ತರರು ಹುಡುಗನ ಕಾಲು ನೋಡುತ್ತಿದ್ದರು.

ಈ ಹುಳು ಎಲ್ಲಿಂದ ಬರುತ್ತದೆ? ಮಂತ್ರ–ಮಾಟದಿಂದ, ದೇವರ ಮುನಿಸಿನಿಂದ, ಕೆಟ್ಟ ರಕ್ತದಿಂದ ಎಂದು ಬಗೆಬಗೆಯ ಮಾತುಗಳಿದ್ದವು. ಅಸಲು ಸಂಗತಿಯನ್ನು ಕಂಡುಕೊಂಡವನು ರಷ್ಯದ ವಿಜ್ಞಾನಿ ಫೆಡ್ಚೆಂಕೋ. 1870ರಲ್ಲಿ ತುರ್ಕಿಸ್ತಾನದಲ್ಲಿ ಅಧ್ಯಯನ ನಡೆಸುತ್ತ ಅವನು, ಈ ಹುಳುವಿನ ಮರಿಗಳು ನೀರಿನಲ್ಲಿರುವ ಸೈಕ್ಲೋಪ್ಸ್ ಎಂಬ ಪುಟ್ಟ ಜಲಕೀಟದ ಹೊಟ್ಟೆಯನ್ನು ಸೇರುತ್ತವೆಂದು ತೋರಿಸಿದನು. ಗ್ರೀಕರ ಪುರಾಣದ ಒಂಟಿಕಣ್ಣಿನ ದೈತ್ಯನ ಹೆಸರನ್ನು ಸಾಸಿವೆಗಿಂತಲೂ ಚಿಕ್ಕದಾದ ಈ ಕೀಟಕ್ಕೆ ಇಟ್ಟವರ ರಸಿಕತೆಯನ್ನು ಮೆಚ್ಚಬೇಕು. ಅದಕ್ಕೂ ಒಂದೇ ಕಣ್ಣು. ಕಥೆ ಹೀಗೆ ನಡೆಯುತ್ತದೆ. ಹುಣ್ಣಿನ ಉರಿ ತಾಳಲಾರದೆ ರೋಗಿಯು ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುತ್ತಾನೆ. ನೀರು ತಾಗಿದೊಡನೆ ಹುಳು ಸಾವಿರಾರು ಮರಿಗಳನ್ನು ಚೆಲ್ಲುತ್ತದೆ. ಸೈಕ್ಲೋಪ್ಸ್ ಅವನ್ನು ನುಂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿಗಳು ಬಲಿಯುತ್ತವೆ. ಅದೇ ಬಾವಿಯ ನೀರನ್ನು ಸೋಸದೆ ಕುಡಿದವನ ಹೊಟ್ಟೆಯಲ್ಲಿ ಕೀಟ ಸಾಯುತ್ತದೆ, ಮರಿ ಉಳಿಯುತ್ತದೆ. ಒಂದು ವರುಷದ ಹೊತ್ತಿಗೆ ಅದು ಮೈಯೊಳಗೆಲ್ಲ ಸಂಚರಿಸಿ, ಬೆಳೆದು, ಕಾಲಿನಲ್ಲಿ ಬೊಬ್ಬೆಯಾಗಿ ಏಳುತ್ತದೆ. ಇಂದು ಕುಡಿದುದಕ್ಕೆ ಬರುವ ವರುಷ ದಂಡ. ಕಾರಣಕ್ಕೂ ಕಾರ್ಯಕ್ಕೂ ಹನ್ನೆರಡು ತಿಂಗಳ ಅಂತರವಿದ್ದರೆ ಹಳ್ಳಿಯ ರೈತನು ಅವೆರಡನ್ನು ಹೇಗೆ ಕೂಡಿಸಿಯಾನು?

ಆದ್ದರಿಂದ ಅಪರಾಧಿ ನಮ್ಮ ಮೆಟ್ಟಿಲುಬಾವಿ. ಬರೆಯಲು ನನಗೇ ಕಷ್ಟವಾಗುತ್ತದೆ. ಕಲ್ಲಿನ ಕೆಲಸದ ಸೊಗಸಿನಿಂದ, ಗಂಗಿಪೂಜೆಯ ನೆನಪಿನಿಂದ, ಮಧ್ಯಾಹ್ನದ ಈಜಿನಿಂದ ಮೆಟ್ಟಿಲುಬಾವಿ ನಮ್ಮ ಬಯಲುಸೀಮೆಯ ಸಂಸ್ಕೃತಿಯ ಒಂದು ತುಣುಕು. ಬೀಳಗಿಯ ಅರೆತ್ತಿನ ಬಾವಿಯಾಗಲಿ, ವಿಜಾಪುರದ ತಾಜ್ ಬಾವಡಿಯಾಗಲಿ ಹೆಸರಿನಿಂದಲೇ ಅಭಿಮಾನ ಹುಟ್ಟಿಸುತ್ತವೆ. ಆದರೆ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟೇ ಕೊಡ ತುಂಬಬೇಕಾದ ರಚನೆಯು ನಾರುಹುಳುವಿಗೆ ಹೇಳಿ ಮಾಡಿಸಿದಂತಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಕೀಟಗಳೆಲ್ಲ ಒಂದೆಡೆ ಸೇರುತ್ತಿದ್ದವು. ಆಗಲೇ ಸೋಂಕು ಹೆಚ್ಚು. ಸೇದುವ ಬಾವಿಯಲ್ಲಿ, ಎಂದರೆ ಕಟ್ಟೆಯಿಂದ ಹಗ್ಗ ಇಳಿಬಿಟ್ಟು ನೀರು ಎಳೆಯುವ ಬಾವಿಯಲ್ಲಿ, ಈ ರೋಗ ಹಬ್ಬಲಾರದು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಊರಿನ ಬಾವಿ ಎಲ್ಲರ ಬಾವಿಯಾಗಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ಒಳ್ಳೆಯ ನೀರಿನ ಬಾವಿಯ ಮೆಟ್ಟಿಲೇ ಕಾಣಲಿಲ್ಲ. ಹಳ್ಳದ ಗುಂಡಿಯೇ ಗತಿ, ಇಲ್ಲವೆ ಮೇಲಿನವರು ಎತ್ತರದಿಂದ ಸುರಿದಷ್ಟು. ಡಾ. ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ನಾವೂ ಆಗ ಯಾರ ನೆರೆಯಲ್ಲಿದ್ದೆವೋ ಆ ಮುಂಬಯಿ ಪ್ರಾಂತದಲ್ಲಿಯೇ. ಶುದ್ಧ ನೀರಿನ ಚರಿತ್ರೆಯಲ್ಲಿ ಕ್ಲೋರಿನ್ನಿಗೆ ಎಷ್ಟು ಸ್ಥಾನವೋ ಆ ಬೊಗಸೆಗೂ ಅಷ್ಟೇ ಸ್ಥಾನವುಂಟು.

ನಾರುಹುಣ್ಣಿನ ವಿರುದ್ಧ ಕನ್ನಡನಾಡಿನಲ್ಲಿಯೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1930ರ ದಶಕದಲ್ಲಿ ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ಮೂರ್ತಿ ಎಂಬ ವೈದ್ಯವಿಜ್ಞಾನಿಯೂ ರಾಕ್‌ಫೆಲರ್ ಪ್ರತಿಷ್ಠಾನದ ಸ್ವೀಟ್ ಎಂಬುವರೂ ಕೂಡಿ, ಸೈಕ್ಲೋಪ್ಸನ್ನು ತಿನ್ನುವ ಚಿಕ್ಕ ಮೀನುಗಳನ್ನು ಮೆಟ್ಟಿಲುಬಾವಿಗಳಲ್ಲಿ ಬಿಟ್ಟು ನೋಡಿದರು. ಬಾವಿಯ ನೀರಿಗೆ ಔಷಧ ಹಾಕಲು ಒಪ್ಪದ ಜನರು ಮೀನು ಬಿಡಲು ಬೇಡವೆನ್ನಲಾರರು! ಸರಳವೂ ಜಾಣತನದ್ದೂ ಆದ ಈ ಉಪಾಯವನ್ನು 1936ರಲ್ಲಿ ಅವರು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ, 1931ರ ಹೊತ್ತಿಗೆ, ಮಧ್ಯ ಏಷ್ಯದ ಬುಖಾರಾದಲ್ಲಿ ಇಸಾಯೆವ್ ಎಂಬ ವೈದ್ಯನ ನೇತೃತ್ವದಲ್ಲಿ ಮೆಟ್ಟಿಲುಗೊಳಗಳನ್ನು ಮುಚ್ಚಿಸಿ ರೋಗವನ್ನು ಪೂರ್ಣವಾಗಿ ತೊಲಗಿಸಿದ್ದರು. ಆಗಬಲ್ಲದೆಂಬುದು ತಿಳಿದಿತ್ತು; ಮಾಡುವವರು ಬೇಕಾಗಿದ್ದರು.

ಭಾರತ ಸರಕಾರವು ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದ್ದು 1983–84ರಲ್ಲಿ. ಆಗ ದೇಶದ ಏಳು ರಾಜ್ಯಗಳಲ್ಲಿ ರೋಗವಿತ್ತು, ಕರ್ನಾಟಕವೂ ಅವುಗಳಲ್ಲಿ ಒಂದು. 1984ರಲ್ಲಿ ಎಣಿಕೆಗೆ ಸಿಕ್ಕ ರೋಗಿಗಳು ಸುಮಾರು 40,000. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ಕೇಳುತ್ತಿದ್ದರು, ಹುಣ್ಣಿನ ಚಿತ್ರ ತೋರಿಸುತ್ತಿದ್ದರು. ಮೆಟ್ಟಿಲುಗಳನ್ನು ಮುಚ್ಚಿ ಬಾವಿಗೆ ಕಟ್ಟೆ ಕಟ್ಟಿಸಿದರು, ಕೊಳವೆಬಾವಿಗೆ ಕೈಪಂಪು ಕೂರಿಸಿದರು, ಟೆಮಿಫಾಸ್ ಎಂಬ ಔಷಧವನ್ನು ಅಳತೆ ಮಾಡಿ ಬಾವಿಗೆ ಹಾಕಿ ಸೈಕ್ಲೋಪ್ಸನ್ನು ಕೊಂದರು. ಇವೆಲ್ಲ ಸರಕಾರದ ಕೆಲಸ. ಮನೆಯೊಡತಿಯ ಪಾಲಿಗೆ ಉಳಿದ ಕೆಲಸ ಒಂದೇ: ಒತ್ತಾಗಿ ನೇಯ್ದ ಬಟ್ಟೆಯನ್ನು ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುವುದು. ಸೈಕ್ಲೋಪ್ಸ್ ಒಂದು ಮಿಲಿಮೀಟರಿನ ಆಸುಪಾಸಿನ ಕೀಟ, ಬಟ್ಟೆಯನ್ನು ದಾಟಲಾರದು. ಇಷ್ಟೇ. ಔಷಧವೂ ಲಸಿಕೆಯೂ ಇಲ್ಲದ ರೋಗವೊಂದು ಬಟ್ಟೆಗೆ ಸೋತಿತು.

"ಸರಕಾರದವರು ಬಾವ್ಯಾಗ ಎಣ್ಣಿ ಹಾಕ್ಯಾರ, ಆ ನೀರು ಕುಡದ್ರ ಮಕ್ಕಳಾಗೂದಿಲ್ಲಂತ್ರಿ" ಎಂಬ ಗುಲ್ಲು ಎದ್ದದ್ದು ನನಗೆ ನೆನಪಿದೆ. ಆಗ ಹಳ್ಳಿಯ ಶಿಕ್ಷಕರಾಗಿದ್ದ ನಾವು ನಾಲ್ಕು ಜನರು ಬಾವಿಯ ಕಟ್ಟೆಯ ಮೇಲೆ ನಿಂತು, ಎಲ್ಲರೆದುರಿಗೆ ಆ ನೀರನ್ನು ಸೋಸಿ ಕುಡಿದೆವು. ನಮ್ಮಲ್ಲೊಬ್ಬರಿಗೆ ಆಗಲೇ ಆರು ಮಕ್ಕಳು. ಮುಂದಿನ ವರುಷ ಏಳನೆಯದು ಹುಟ್ಟಿದಾಗ ಗುಲ್ಲು ತಾನಾಗಿ ಅಡಗಿತು!

ದೇಶದ ಕೊನೆಯ ನಾರುಹುಣ್ಣಿನ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು. 1980ರ ದಶಕದ ನಡುವಿನಲ್ಲಿ ಜಗತ್ತಿನಲ್ಲಿ ವರುಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಹುಳು, 2024ರಲ್ಲಿ ಕೇವಲ 15 ಮನುಷ್ಯರಲ್ಲಿ ಕಂಡುಬಂದಿತು, ಅವರೆಲ್ಲ ಆಫ್ರಿಕದವರು. ಸಿಡುಬಿನ ನಂತರ ಭೂಮಿಯಿಂದ ತೊಲಗುವ ಮನುಷ್ಯರೋಗ ಇದೇ ಆದೀತೆಂಬ ಆಸೆ ವೈದ್ಯಲೋಕಕ್ಕಿದೆ.

ಬಟ್ಟೆಯ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು, ಕಾಲರಾದ ರೋಗಾಣುಗಳು ಸೈಕ್ಲೋಪ್ಸಿನ ಬಳಗಕ್ಕೆ ಸೇರಿದ ಕೀಟಗಳ ಮೈಗೆ ಅಂಟಿಕೊಂಡು ನೀರಿನಲ್ಲಿ ಇರುತ್ತವೆಂದು ಕಂಡಿದ್ದರು. ಹಾಗಿದ್ದ ಮೇಲೆ ಕೀಟವನ್ನು ಸೋಸಿದರೆ ರೋಗಾಣುವೂ ಹೋದೀತಲ್ಲವೆ? ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಲು ಹೆಂಗಸರಿಗೆ ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ ಶೇಕಡಾ 48ರಷ್ಟು ಇಳಿಯಿತು. ಇದರಲ್ಲಿ ನೇಕಾರರಿಗೆ ರುಚಿಸುವ ಸಂಗತಿಯೊಂದಿದೆ: ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲು. ಒಗೆದೊಗೆದು ಹತ್ತಿಯ ಎಳೆ ಬಿಚ್ಚಿಕೊಂಡು ಸಂದುಗಳು ಕಿರಿದಾಗುತ್ತವೆ. ನಾಲ್ಕು ಮಡಿಕೆಯಲ್ಲಿ ಆ ಸಂದು 20 ಮೈಕ್ರಾನಿಗೆ, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ಅವ್ವಂದಿರು ಮೆತ್ತಗಾದ ಹಳೆಯ ಇಲಕಲ್ ಸೀರೆಯ ತುಂಡನ್ನು ಹರವಿಯ ಬಾಯಿಗೆ ಕಟ್ಟುತ್ತಿದ್ದುದು ಬಡತನದಿಂದ ಎಂದು ನಾವು ತಿಳಿದಿದ್ದೆವು. ಐದು ವರುಷಗಳ ನಂತರ ಅದೇ ಹಳ್ಳಿಗಳಿಗೆ ಹೋಗಿ ನೋಡಿದಾಗ, ಯಾರ ಒತ್ತಾಯವೂ ಇಲ್ಲದೆ ಶೇಕಡಾ 31ರಷ್ಟು ಹೆಂಗಸರು ಇನ್ನೂ ಸೋಸುತ್ತಿದ್ದರಂತೆ. ನಲವತ್ತು ವರುಷ ಪಾಠ ಹೇಳಿದವನಾಗಿ ಹೇಳುತ್ತೇನೆ: ಕಲಿಸಿದುದರಲ್ಲಿ ಮೂರರಲ್ಲೊಂದು ಪಾಲು ಐದು ವರುಷ ಉಳಿದರೆ ಆ ಶಿಕ್ಷಕ ಭಾಗ್ಯವಂತ.

ಹಾಗೆಂದು ಬಟ್ಟೆಯೊಂದೇ ಸಾಕೆಂದು ಯಾರೂ ಭಾವಿಸಬಾರದು. ವಿಷಮಶೀತಜ್ವರದ ರೋಗಾಣು, ಕಾಮಾಲೆಯ ವೈರಸ್ಸು ಬಟ್ಟೆಯ ಸಂದಿನಲ್ಲಿ ಹೆದ್ದಾರಿಯಲ್ಲಿ ಚಕ್ಕಡಿ ಹೋದಂತೆ ಸಲೀಸಾಗಿ ಹೋಗುತ್ತವೆ. ಅವಕ್ಕೆ ಬೇಕಾದದ್ದು ಬೆಂಕಿ ಇಲ್ಲವೆ ಬ್ಲೀಚಿಂಗ್ ಪೌಡರು. 1955–56ರ ಚಳಿಗಾಲದಲ್ಲಿ ದೆಹಲಿಯಲ್ಲಿ ಯಮುನೆಗೆ ಚರಂಡಿಯ ನೀರು ಹಿಮ್ಮುಖವಾಗಿ ನುಗ್ಗಿ, ಸುಮಾರು 29,000 ಜನರಿಗೆ ಕಾಮಾಲೆ ತಗಲಿತು. ಅದು ಶುದ್ಧೀಕರಿಸಿದ ನಳದ ನೀರು! ಪಟಿಕ ಹಾಕಿದ್ದರು, ಕ್ಲೋರಿನ್ ಹಾಕಿದ್ದರು. ಆದರೆ ಅಷ್ಟು ಕೊಳಕು ನೀರಿಗೆ ಆ ಪ್ರಮಾಣ ಸಾಲಲಿಲ್ಲ. ಕ್ಲೋರಿನ್ನಿನ ಸ್ವಭಾವವೇ ಅಂಥದು. ನೀರಿನಲ್ಲಿ ಕಸ–ಮಣ್ಣು ಇದ್ದರೆ ಮೊದಲು ಅದರ ಮೇಲೆಯೇ ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತದೆ; ಉಳಿದರೆ ರೋಗಾಣುವಿನ ಸರದಿ. ಆದ್ದರಿಂದ ಮೊದಲು ತಿಳಿಗೊಳಿಸಬೇಕು, ಆಮೇಲೆ ಸೋಸಬೇಕು, ಕೊನೆಗೆ ಕ್ಲೋರಿನ್. ಈ ಕ್ರಮ ತಪ್ಪಿದರೆ ಹಾಕಿದ ಔಷಧ ದಂಡ.

ಬ್ಲೀಚಿಂಗ್ ಪೌಡರಿನ ಲೆಕ್ಕವನ್ನು ನನ್ನ ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳು ಮರೆತಿರಲಾರರು. ಸಿಲಿಂಡರಿನ ಘನಫಲ ಕಲಿಸುವಾಗ ಪುಸ್ತಕದ ಡಬ್ಬಿಯನ್ನು ಬಿಟ್ಟು ಊರ ಬಾವಿಯನ್ನೇ ಅಳೆಯುತ್ತಿದ್ದೆವು. ಬಾವಿಯ ವ್ಯಾಸ 4 ಮೀಟರು, ನೀರಿನ ಆಳ 3 ಮೀಟರು ಎಂದುಕೊಳ್ಳಿ. 3.14 × 2 × 2 × 3, ಎಂದರೆ 37.68 ಘನಮೀಟರು, 37,680 ಲೀಟರು. ತಿಳಿನೀರಾದರೆ 1,000 ಲೀಟರಿಗೆ ಒಳ್ಳೆಯ ಪುಡಿ 2.5 ಗ್ರಾಮಿನಂತೆ ಸುಮಾರು 95 ಗ್ರಾಂ ಬೇಕು. ಬಕೀಟಿನಲ್ಲಿ ಪುಡಿಯನ್ನು ಕಲಸಿ, ಸುಣ್ಣ ತಳ ಸೇರುವತನಕ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ರಾತ್ರಿ ಬಾವಿಗೆ ಸುರಿದರೆ ಮುಂಜಾನೆ ಸೇದಲು ಅಡ್ಡಿಯಿಲ್ಲ. ತಾಜಾ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ; ಬಾಯಿ ತೆರೆದಿಟ್ಟ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದುದರಲ್ಲಿ ವಾಸನೆಯೂ ಇರುವುದಿಲ್ಲ, ಸತ್ತ್ವವೂ ಇರುವುದಿಲ್ಲ. ಸುಣ್ಣ ಬಳಿಯಲಷ್ಟೇ ಯೋಗ್ಯ.

ಈಗ ನಳದ ಮಾತು. ಮನೆಯಂಗಳಕ್ಕೆ ನಳ ಬಂದಾಗ ನಮ್ಮ ಹೆಣ್ಣುಮಕ್ಕಳ ಬೆನ್ನು–ಕತ್ತುಗಳಿಗೆ ಸಿಕ್ಕ ಬಿಡುಗಡೆಯನ್ನು ಅಳೆಯುವ ಮಾಪಕವಿಲ್ಲ. ಆದರೆ ನಳದಿಂದ ಬಂದುದೆಲ್ಲ ಶುದ್ಧವೆಂಬ ನಂಬಿಕೆಯೂ ಅದರೊಡನೆ ಬಂದಿತು. ಹುಬ್ಬಳ್ಳಿ–ಧಾರವಾಡದಲ್ಲಿ ನಡೆದ ಒಂದು ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ತಿಳಿಯಬೇಕು. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡುವ ಯೋಜನೆ ಬಂದಿತ್ತು. ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ ನೀರು. ನೀರಿನ ಮೂಲವೂ ಶುದ್ಧೀಕರಣವೂ ಒಂದೇ. ಎರಡೂ ಕಡೆಯ ನಳದ ನೀರನ್ನು ಪರೀಕ್ಷಿಸಿ ಕಂಪೆಲ್ ಮತ್ತು ನೆಲ್ಸನ್ ಎಂಬ ಸಂಶೋಧಕಿಯರು 2013ರಲ್ಲಿ ವರದಿ ಮಾಡಿದರು: ಸದಾ ಹರಿಯುವ ನಳಗಳ ಮಾದರಿಗಳಲ್ಲಿ ಮಲದ ಸೂಚಕವಾದ ಇ–ಕೋಲಿ ಸಿಕ್ಕದ್ದು ಶೇಕಡಾ 0.7ರಲ್ಲಿ, ಬಿಟ್ಟುಬಿಟ್ಟು ಬರುವ ನಳಗಳಲ್ಲಿ ಶೇಕಡಾ 31.7ರಲ್ಲಿ. ಕಾರಣ ಸುಲಭ. ನೀರು ನಿಂತಾಗ ಕೊಳವೆ ಬರಿದಾಗುತ್ತದೆ, ಬರಿದಾದುದು ಹೀರುತ್ತದೆ. ಪಕ್ಕದಲ್ಲಿ ಗಟಾರವಿದ್ದರೆ ಗಟಾರವನ್ನೇ ಹೀರುತ್ತದೆ. ಹೀಗಾಗಿ ನೀರು ಬಿಟ್ಟೊಡನೆ ಬರುವ ಮೊದಲ ನಾಲ್ಕಾರು ಕೊಡಗಳನ್ನು ಗಿಡಕ್ಕೆ, ಪಾತ್ರೆ ತೊಳೆಯುವುದಕ್ಕೆ ಬಳಸಿ, ಕುಡಿಯುವುದಕ್ಕೆ ನಂತರದ ನೀರನ್ನು ಹಿಡಿಯುವುದು ಜಾಣತನ. ಅದೇ ಅಧ್ಯಯನವು ತೋರಿಸಿದ ಇನ್ನೊಂದು ಸಂಗತಿ: ನಳದಲ್ಲಿ ಚೆನ್ನಾಗಿದ್ದ ನೀರೂ ಮನೆಯ ಪಾತ್ರೆಯಲ್ಲಿ ಕೆಡುತ್ತದೆ. ಹರವಿಯಲ್ಲಿ ತಂಬಿಗೆಯೊಡನೆ ಬೆರಳೂ ಅದ್ದುತ್ತದೆಯಷ್ಟೆ! ಉದ್ದ ಹಿಡಿಕೆಯ ಸವಟು ಅಥವಾ ತಳಕ್ಕೆ ನಲ್ಲಿ ಕೂರಿಸಿದ ಪಾತ್ರೆ – ಇವು ದೊಡ್ಡ ಯಂತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ತಾಮ್ರದ ಕೊಡವನ್ನು ಕುರಿತು ಬಹಳ ಜನರು ಕೇಳುತ್ತಿರುತ್ತಾರೆ. 2012ರಲ್ಲಿ ಬೆಂಗಳೂರಿನ ಸಂಶೋಧಕರು ರೋಗಾಣು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟು ನೋಡಿದಾಗ ಕಾಲರಾ, ಆಮಶಂಕೆ ಮೊದಲಾದವುಗಳ ರೋಗಾಣುಗಳು ಉಳಿದಿರಲಿಲ್ಲ. ಆದರೆ ಒಳಮೈ ತಿಕ್ಕಿ ಬೆಳಗಿದ ತಾಮ್ರವಾಗಿರಬೇಕು, ಇಡೀ ರಾತ್ರಿ ಇಟ್ಟಿರಬೇಕು. ಇನ್ನು ನಮ್ಮ ಊರಿನಲ್ಲಿ ಪುಕ್ಕಟೆ ಸಿಗುವ ವಸ್ತುವೆಂದರೆ ಬಿಸಿಲು. ತಿಳಿಯಾದ ನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಮಾಳಿಗೆಯ ಮೇಲೆ ಪ್ರಖರ ಬಿಸಿಲಿಗೆ 6 ತಾಸು ಮಲಗಿಸಿದರೆ ರೋಗಾಣುಗಳು ಸಾಯುತ್ತವೆ. ಲೆಬನಾನಿನ ಬೈರೂತಿನಲ್ಲಿ ಆಕ್ರಾ ಎಂಬ ಪ್ರಾಧ್ಯಾಪಕರು ಇದನ್ನು ತೋರಿಸಿಕೊಟ್ಟರು. 1984ರಲ್ಲಿ ಯುನಿಸೆಫ್ ಅದನ್ನು ಪ್ರಕಟಿಸಿತು. ಮೋಡವಿದ್ದರೆ ಎರಡು ದಿನ ಬೇಕು. ಇವೆಲ್ಲಕ್ಕಿಂತ ನಿಶ್ಚಿತವಾದದ್ದು ಕುದಿಸುವುದು; ಒಂದು ನಿಮಿಷ ಕೊತಕೊತ ಕುದಿದರೆ ಸಾಕು. ಹತ್ತಿಕಟ್ಟಿಗೆಯ ಒಲೆಯ ಕಾಲದಲ್ಲಿ ಅದು ಸಿರಿವಂತರ ಮಾತಾಗಿತ್ತು, ಈಗ ಹಾಗಿಲ್ಲ.

ಆದರೆ ಕುದಿಸಿದರೆ ಉಪ್ಪು ಹೋಗುವುದಿಲ್ಲ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಕಬ್ಬಿಗೆ ಲಂಗುಲಗಾಮಿಲ್ಲದೆ ನೀರುಣಿಸಿ ನೆಲ ಸವುಳಾದ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಬಾಯಿಗಿಡಲಾಗದು. ಅಂಥಲ್ಲಿ ಆರ್.ಓ. ಯಂತ್ರ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ವರವೇ ಸರಿ. ನನಗೆ ಒಪ್ಪಿಗೆಯಾಗದ್ದು ಹೊಳೆಯ ಸಿಹಿನೀರು ನಳದಲ್ಲಿ ಬರುವ ಪಟ್ಟಣದ ಮನೆಗಳಲ್ಲಿ ಅದೇ ಯಂತ್ರವನ್ನು ಗೋಡೆಗೆ ನೇತುಹಾಕುವುದು. ಒಂದು ಕೊಡ ಕುಡಿಯುವ ನೀರಿಗೆ ಎರಡು–ಮೂರು ಕೊಡ ಚರಂಡಿಗೆ! ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮಿನೊಳಗಿದ್ದರೆ ಭಾರತೀಯ ಮಾನಕದ ಪ್ರಕಾರ ಅದು ಒಪ್ಪಬಹುದಾದ ನೀರು, ಅಂಥಲ್ಲಿ ಆರ್.ಓ. ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿಯೇ ಹೇಳಿತ್ತು. ಮೇಲಾಗಿ ಯಂತ್ರದಿಂದ ಬಂದ ನೀರಿನಲ್ಲಿ ಕ್ಲೋರಿನ್ನಿನ ಶೇಷವಿರುವುದಿಲ್ಲ. ತೊಳೆಯದ ಕ್ಯಾನಿನಲ್ಲಿ ಮೂರು ದಿನ ಇಟ್ಟರೆ ಅದನ್ನು ಕಾಯುವವರು ಯಾರೂ ಇಲ್ಲ. ಊರ ನಳದ ನೀರಿನ ಕೊನೆಯ ಮನೆಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿರುವುದು ಆ ಕಾವಲಿಗಾಗಿಯೇ. "ನಳದ ನೀರು ಔಷಧ ವಾಸನಿ ಬಡೀತದ್ರಿ" ಎಂದು ದೂರುವ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ನಾನು ಹೇಳುವುದು: ಅವ್ವಾ, ವಾಸನೆ ಬಾರದ ದಿನ ದೂರು ಕೊಡು.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಒಮ್ಮೆಲೇ ಉಕ್ಕಿದಾಗ, ಜಮಖಂಡಿ, ಮುಧೋಳ, ರಬಕವಿ ಭಾಗದ ಹೊಳೆದಂಡೆಯ ಊರುಗಳ ಬಾವಿ, ಕೈಪಂಪು, ನೀರಿನ ತೊಟ್ಟಿಗಳಲ್ಲಿ ಕೆಮ್ಮಣ್ಣಿನ ನೀರು ತುಂಬಿತು. ಕರೆಂಟು ಇಲ್ಲ, ಆರ್.ಓ. ಇಲ್ಲ, ಒಣಗಿದ ಕಟ್ಟಿಗೆ ಇಲ್ಲ. ನಿರಾಶ್ರಿತರ ಗಂಜಿಕೇಂದ್ರವೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಮಾಡುತ್ತಿದ್ದ; ಮಗ್ಗದ ಮನೆಯವನು. ದೂರವಾಣಿಯಲ್ಲಿ ಕೇಳಿದ: "ಸರ್, ಟ್ಯಾಂಕರ್ ನೀರು ರಾಡಿ ಅದ. ಕ್ಲೋರಿನ್ ಗುಳಿಗಿ ಕೊಟ್ಟಾರ. ಹಂಗ ಹಾಕ್ಲ್ಯೋ, ಸೋಸಿ ಹಾಕ್ಲ್ಯೋ?" ಪಟಿಕ ತಿರುವಿ ಒಂದು ತಾಸು ಬಿಡು, ತಿಳಿಯನ್ನು ಸೋಸು, ಆಮೇಲೆ ಗುಳಿಗೆ ಹಾಕಿ ಅರ್ಧ ತಾಸು ಮುಚ್ಚಿಡು ಎಂದೆ. ಯಾವ ಬಟ್ಟೆ ಎಂದು ಕೇಳಿದ. ಪಾಲಿಸ್ಟರ್ ಬೇಡ, ಹತ್ತಿಯದಾಗಿರಲಿ. ಹೊಸದು ಬೇಡ, ಹತ್ತಾರು ಸಲ ಒಗೆದು ಮೆತ್ತಗಾದದ್ದಿರಲಿ. ನಾಲ್ಕು ಮಡಿಕೆ ಹಾಕು. ಯಾವ ಮಗ್ಗುಲು ಮೇಲಿತ್ತೋ ಪ್ರತಿ ಸಲವೂ ಅದೇ ಮೇಲಿರುವಂತೆ ಅಂಚಿಗೆ ಒಂದು ಬಣ್ಣದ ದಾರ ಹೊಲಿ. ದಿನವೂ ತೊಳೆದು ಬಿಸಿಲಿಗೆ ಹಾಕು ಎಂದೆ. "ಬಿಸಿಲು ಎಲ್ಲೈತ್ರಿ ಸರ್, ಎಂಟು ದಿನಾತು ಸೂರ್ಯನ್ನ ಕಂಡಿಲ್ಲ" ಎಂದು ನಕ್ಕ. ಹಾಗಾದರೆ ಕುದಿಯುವ ಗಂಜಿಯ ಒಲೆಯ ಪಕ್ಕದಲ್ಲಿ ಒಣಗಹಾಕು ಎಂದೆ. ಮಾರನೆಯ ದಿನ ಫೋನಿನಲ್ಲಿ ಚಿತ್ರ ಕಳಿಸಿದ್ದ. ಸಾಲಾಗಿ ಇಟ್ಟ ಹನ್ನೆರಡು ಕೊಡಗಳು. ಒಂದೊಂದರ ಬಾಯಿಗೂ ಒಂದೊಂದು ಬಣ್ಣದ ಹಳೆಯ ಸೀರೆಯ ತುಂಡು.